ನಿರ್ಧಾರ ಮಾಡುವುದು ತಲೆಯೋ, ಮನಸ್ಸೋ?

(ಸಂಸ್ಥೆಯ ವಾರ್ಷಿಕ ಶಿಕ್ಷಣ ಸಮಾವೇಶದಲ್ಲಿ ಪೋಷಕರು ಮತ್ತು ಪ್ರೌಢಶಾಲಾ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹ ರೂಪ)



ನನಗೆ ಕೊಟ್ಟಿರುವ ವಿಷಯ ‘ಮೆದುಳು ಮತ್ತು ನಿರ್ಧಾರ’. ನಾನು ವೈದ್ಯಳಲ್ಲ, ವಿಜ್ಞಾನಿಯೂ ಅಲ್ಲ. ಬೆಳಿಗ್ಗೆ ಉರ್ದು, ಮಧ್ಯಾಹ್ನ ಕನ್ನಡ ಕಲಿಸುವ ಶಿಕ್ಷಕಿ. ಬಿ.ಎಡ್. ಓದುವಾಗ ಮನೋವಿಜ್ಞಾನವನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮೇಲೆ ಮರೆತವಳು. ಕೆಲಸಕ್ಕೆ ಸೇರಿದ ಎರಡನೇ ವರ್ಷ ನನ್ನಿಂದಾದ ಒಂದು ತಪ್ಪು ನನ್ನನ್ನು ಮತ್ತೆ ಈ ಓದಿಗೆ ಎಳೆಯಿತು. ಆ ತಪ್ಪನ್ನು ಸ್ವಲ್ಪ ಹೊತ್ತಿನ ಮೇಲೆ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಮಕ್ಕಳನ್ನು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಮೆದುಳಿನ ಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿದ್ದೆವು. ಅಲ್ಲಿ ನಿಜವಾದ ಮನುಷ್ಯನ ಮೆದುಳನ್ನು ಕೈಯಲ್ಲಿ ಹಿಡಿದು ನೋಡಬಹುದು. ಒಂದೂಕಾಲು, ಒಂದೂವರೆ ಕಿಲೋ ತೂಗುವ, ಸುಕ್ಕುಸುಕ್ಕಾದ ಒಂದು ಮುದ್ದೆ. ಕೆಲವರು ಹೆದರಿ ಹಿಂದೆ ಸರಿದರು, ಕೆಲವರು ಮುಟ್ಟಿ ನಕ್ಕರು. ಒಬ್ಬಳು ಹುಡುಗಿ ಮಾತ್ರ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ‘ಟೀಚರ್, ಇದು ದಿಮಾಗ್. ದಿಲ್ ಇದರಲ್ಲಿ ಎಲ್ಲಿದೆ?’ ಎಂದು ಕೇಳಿದಳು. ಎಲ್ಲರೂ ನಕ್ಕರು. ಉತ್ತರ ನನಗೆ ಗೊತ್ತಿರಲಿಲ್ಲವಾದ್ದರಿಂದ ನಾನೂ ನಕ್ಕೆ.

ನೋಡಿ, ನಮ್ಮ ಎರಡು ಭಾಷೆಗಳೂ ಇವೆರಡನ್ನು ಬೇರೆ ಬೇರೆ ಇಟ್ಟಿವೆ. ಉರ್ದುವಿನಲ್ಲಿ ದಿಲ್ ಒಂದು ಕಡೆ, ದಿಮಾಗ್ ಇನ್ನೊಂದು ಕಡೆ. ಸಾಲದ್ದಕ್ಕೆ ಜಿಗರ್ ಎಂದು ಪಿತ್ತಜನಕಾಂಗವನ್ನೂ ಪ್ರೀತಿಯ ವ್ಯವಹಾರಕ್ಕೆ ಎಳೆದಿದ್ದೇವೆ. ಕನ್ನಡದಲ್ಲಿ ಬುದ್ಧಿಗೆ ತಲೆ, ಮಮತೆಗೆ ಕರುಳು. ಯಾರಾದರೂ ತಪ್ಪು ನಿರ್ಧಾರ ಮಾಡಿದರೆ ‘ಅವನು ತಲೆಯಿಂದ ಯೋಚಿಸಲಿಲ್ಲ, ಭಾವನೆಗೆ ಬಿದ್ದ’ ಎನ್ನುತ್ತೇವೆ. ಭಾವನೆಯನ್ನು ಹೊರಗೆ ಹಾಕಿ ಬಾಗಿಲು ಮುಚ್ಚಿದರೆ ಒಳಗೆ ಶುದ್ಧ ಬುದ್ಧಿ ಕುಳಿತಿರುತ್ತದೆ, ಅದು ಸರಿಯಾದ ತೀರ್ಪು ಕೊಡುತ್ತದೆ ಎಂಬುದು ನಮ್ಮ ನಂಬಿಕೆ. ಹಾಗೆ ಭಾವನೆ ನಿಜವಾಗಿಯೂ ಹೊರಗೆ ಹೋದ ಮನುಷ್ಯರು ಇದ್ದಾರೆ. ಅವರ ಗತಿ ಏನಾಯಿತು ಎಂಬುದನ್ನು ವಿಜ್ಞಾನಿಗಳು ಬರೆದಿಟ್ಟಿದ್ದಾರೆ.

ಮೊದಲನೆಯವನು ಫಿನಿಯಾಸ್ ಗೇಜ್. ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ರೈಲು ದಾರಿಗಾಗಿ ಬಂಡೆ ಸಿಡಿಸುವ ಕೂಲಿಗಳ ಮೇಸ್ತ್ರಿ, 25 ವರ್ಷದವನು. 1848ರ ಸೆಪ್ಟೆಂಬರ್ 13ರಂದು ಮದ್ದು ಅಕಾಲದಲ್ಲಿ ಸಿಡಿದು, ಮೂರೂವರೆ ಅಡಿಗಿಂತ ಉದ್ದದ, ಸುಮಾರು ಆರು ಕಿಲೋ ತೂಕದ ಕಬ್ಬಿಣದ ಸರಳು ಅವನ ಎಡಗೆನ್ನೆಯಿಂದ ನುಗ್ಗಿ ನೆತ್ತಿಯಿಂದ ಹೊರಬಿತ್ತು. ಆಶ್ಚರ್ಯವೆಂದರೆ ಅವನು ಬದುಕಿದ. ಮಾತು ಬಂತು, ನಡೆದಾಡಿದ. ಆದರೆ ಚಿಕಿತ್ಸೆ ಮಾಡಿದ ಡಾ. ಹಾರ್ಲೊ ಬರೆದ ಪ್ರಕಾರ ಮೊದಲು ಶಿಸ್ತಿನವನಾಗಿದ್ದ ಅವನು ಆಮೇಲೆ ಒರಟನಾದ, ಹಟಮಾರಿಯಾದ. ಒಂದು ಯೋಜನೆ ಹಾಕುವುದು, ಅದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವುದು ಅವನ ಸ್ವಭಾವವಾಯಿತು. ಈ ಕಥೆಗೆ ಪುಸ್ತಕಗಳಲ್ಲಿ ಬಹಳ ಉಪ್ಪುಖಾರ ಹಚ್ಚಿದ್ದಾರೆ ಎಂಬುದನ್ನೂ ಹೇಳಬೇಕು. ಗೇಜ್ ಆಮೇಲೆ ಚಿಲಿ ದೇಶಕ್ಕೆ ಹೋಗಿ ಹಲವು ವರ್ಷ ಕುದುರೆ ಗಾಡಿ ಓಡಿಸಿ ದುಡಿದ. ಪೂರ್ತಿ ಕೆಟ್ಟುಹೋದ ಮನುಷ್ಯ ಆ ಕೆಲಸ ಮಾಡಲಾರ. ಅವನು ತೀರಿಕೊಂಡದ್ದು 1860ರಲ್ಲಿ. ತಲೆಬುರುಡೆ ಇಂದಿಗೂ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿದೆ.

ಎರಡನೆಯವನ ಕಥೆ ಇನ್ನೂ ಸ್ಪಷ್ಟ. ಅಮೆರಿಕದ ಅಯೋವಾದಲ್ಲಿದ್ದ ನರವಿಜ್ಞಾನಿ ಆಂಟೋನಿಯೊ ಡಮಾಸಿಯೊ ತಮ್ಮ 1994ರ ಪುಸ್ತಕದಲ್ಲಿ ಅವನಿಗೆ ‘ಎಲಿಯಟ್’ ಎಂಬ ಹೆಸರಿಟ್ಟಿದ್ದಾರೆ. ಒಳ್ಳೆಯ ನೌಕರಿ, ಸಂಸಾರ, ಊರಲ್ಲಿ ಮರ್ಯಾದೆ ಎಲ್ಲ ಇತ್ತು. ಹಣೆಯ ಹಿಂದೆ ಸಣ್ಣ ಕಿತ್ತಳೆ ಹಣ್ಣಿನಷ್ಟು ಗಡ್ಡೆ ಬೆಳೆಯಿತು. ಅದನ್ನು ತೆಗೆಯುವಾಗ ಅದು ಕೆಡಿಸಿದ್ದ ಮುಂಭಾಗದ ಮೆದುಳನ್ನೂ ತೆಗೆಯಬೇಕಾಯಿತು. ಗುಣವಾದ ಮೇಲೆ ಬುದ್ಧಿಶಕ್ತಿಯ ಪರೀಕ್ಷೆ ಮಾಡಿದರು. ಅಂಕ ಎಲ್ಲಿಯೂ ಕಡಿಮೆಯಾಗಿರಲಿಲ್ಲ. ನೆನಪು ಚೆನ್ನಾಗಿತ್ತು, ಲೆಕ್ಕ ಚೆನ್ನಾಗಿತ್ತು, ಭಾಷೆ ಚೆನ್ನಾಗಿತ್ತು. ಆದರೆ ಕಚೇರಿಯಲ್ಲಿ ಒಂದು ರಾಶಿ ಕಾಗದ ವಿಂಗಡಿಸಲು ಕೊಟ್ಟರೆ ತಾರೀಖಿನ ಪ್ರಕಾರ ಇಡಬೇಕೋ, ವಿಷಯದ ಪ್ರಕಾರವೋ ಎಂದು ಮಧ್ಯಾಹ್ನವೆಲ್ಲ ಯೋಚಿಸುತ್ತ ಕುಳಿತಿರುತ್ತಿದ್ದ. ನೌಕರಿ ಹೋಯಿತು. ಎಲ್ಲರೂ ಬೇಡವೆಂದ ವ್ಯಾಪಾರಕ್ಕೆ ಹಣ ಹಾಕಿ ದಿವಾಳಿಯಾದ. ಮದುವೆ ಮುರಿಯಿತು. ಇಷ್ಟೆಲ್ಲವನ್ನೂ ಅವನು ಬೇರೆಯವರ ಕಥೆಯಂತೆ ನೆಮ್ಮದಿಯಾಗಿ ಹೇಳುತ್ತಿದ್ದ. ಕೇಳುತ್ತಿದ್ದ ವೈದ್ಯರಿಗೇ ಅವನಿಗಿಂತ ಹೆಚ್ಚು ದುಃಖವಾಗುತ್ತಿತ್ತಂತೆ.

ಇದೇ ಭಾಗಕ್ಕೆ ಪೆಟ್ಟಾದ ಮತ್ತೊಬ್ಬ ರೋಗಿಗೆ ಡಮಾಸಿಯೊ ‘ಮುಂದಿನ ಸಲ ಬರಲು ಈ ಎರಡು ದಿನಗಳಲ್ಲಿ ಯಾವುದಾಗುತ್ತದೆ?’ ಎಂದು ಕೇಳಿದರು. ಆತ ಡೈರಿ ತೆಗೆದು ಈ ದಿನದ ಲಾಭವೇನು, ಆ ದಿನದ ತೊಂದರೆಯೇನು, ಮಳೆ ಬಂದರೆ ಹೇಗೆ ಎಂದು ಹತ್ತಿರ ಹತ್ತಿರ ಅರ್ಧ ಗಂಟೆ ತರ್ಕ ಮಾಡಿದ. ಒಂದೊಂದು ಮಾತೂ ಸರಿಯಾಗಿತ್ತು, ನಿರ್ಧಾರ ಮಾತ್ರ ಬರಲಿಲ್ಲ. ಕೊನೆಗೆ ವೈದ್ಯರೇ ‘ಎರಡನೇ ದಿನ ಬನ್ನಿ’ ಎಂದರು. ‘ಸರಿ’ ಎಂದು ಎದ್ದು ಹೋದ.

ಇವರಲ್ಲಿ ಇಲ್ಲವಾದದ್ದು ಬುದ್ಧಿಯಲ್ಲ. ಹಣೆಯ ಹಿಂದೆ, ಕಣ್ಣುಗುಡ್ಡೆಗಳ ಮೇಲ್ಭಾಗದಲ್ಲಿ ಇರುವ ಮೆದುಳಿನ ಭಾಗವೊಂದು ನಮ್ಮ ಹಿಂದಿನ ಸುಖದುಃಖಗಳನ್ನು ಮುಂದಿರುವ ಆಯ್ಕೆಗಳಿಗೆ ಜೋಡಿಸುತ್ತದೆ. ‘ಹಿಂದೆ ಹೀಗೆ ಮಾಡಿದಾಗ ಪೆಟ್ಟು ತಿಂದೆ’ ಎಂದು ಮೈಗೆ ನೆನಪು ಮಾಡುತ್ತದೆ. ಆ ನೆನಪು ಬಾರದಿದ್ದರೆ ಎಲ್ಲ ಆಯ್ಕೆಗಳೂ ಒಂದೇ ತೂಕದವಾಗಿ ಕಾಣುತ್ತವೆ.

ಇದನ್ನು ಪರೀಕ್ಷಿಸಲು ಬೆಕಾರಾ, ಡಮಾಸಿಯೊ ಮತ್ತು ಅವರ ಜೊತೆಗಾರರು 1994ರಲ್ಲಿ ಒಂದು ಎಲೆಯಾಟ ರೂಪಿಸಿದರು. ಎಲೆಯಾಟವೆಂದೊಡನೆ ಹಿರಿಯರು ಹುಬ್ಬೇರಿಸಬಾರದು, ಅಲ್ಲಿದ್ದದ್ದು ಸುಳ್ಳು ಹಣ. ನಾಲ್ಕು ಕಟ್ಟುಗಳು. ಎರಡು ಕಟ್ಟುಗಳಲ್ಲಿ ಪ್ರತಿ ಎಲೆಗೂ 100 ಡಾಲರ್ ಸಿಗುತ್ತದೆ, ಆದರೆ ನಡುನಡುವೆ ದೊಡ್ಡ ದಂಡ ಬೀಳುತ್ತದೆ. ಉಳಿದೆರಡರಲ್ಲಿ ಸಿಗುವುದು 50 ಡಾಲರ್, ದಂಡವೂ ಚಿಕ್ಕದು. ಮೊದಲಿನವು ಆಸೆ ತೋರಿಸಿ ಮುಳುಗಿಸುತ್ತವೆ. ಆಟಗಾರರ ಕೈಗೆ ಬೆವರು ಅಳೆಯುವ ತಂತಿ ಕಟ್ಟಿದ್ದರು. 1997ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಆರೋಗ್ಯವಂತರ ಕೈ ಹತ್ತು ಎಲೆಗಳಾಗುತ್ತಲೇ ಕೆಟ್ಟ ಕಟ್ಟಿನ ಕಡೆ ಹೋಗುವ ಮುನ್ನ ಸಣ್ಣಗೆ ಬೆವರತೊಡಗಿತು. ‘ಈ ಕಟ್ಟು ಸರಿಯಿಲ್ಲವೇನೋ’ ಎಂಬ ಅನುಮಾನ ಬಾಯಿಗೆ ಬಂದದ್ದು ಸುಮಾರು 50 ಎಲೆಗಳ ಹೊತ್ತಿಗೆ. ಕಾರಣ ಹೇಳಲು ಸಾಧ್ಯವಾದದ್ದು 80ರ ಹೊತ್ತಿಗೆ, ಅದೂ ಎಲ್ಲರಿಗಲ್ಲ. ಮೆದುಳಿಗೆ ಪೆಟ್ಟಾದವರ ಕೈ ಮುಂಚಿತವಾಗಿ ಬೆವರಲೇ ಇಲ್ಲ. ಅವರಲ್ಲಿ ಕೆಲವರು ಯಾವ ಕಟ್ಟು ಕೆಟ್ಟದ್ದೆಂದು ಬಾಯಲ್ಲಿ ಸರಿಯಾಗಿ ಹೇಳಿದರು, ಹೇಳಿದ ಮೇಲೂ ಅದೇ ಕಟ್ಟಿಗೆ ಕೈ ಹಾಕಿದರು.

ನಮ್ಮ ಕಡೆಯವರಿಗೆ ಇದು ತೀರಾ ಹೊಸದೇನಲ್ಲ. ರಾಮನಗರದಲ್ಲೋ ಶಿಡ್ಲಘಟ್ಟದಲ್ಲೋ ಗೂಡಿನ ಮಾರುಕಟ್ಟೆಗೆ ಹೋದವರು ನೋಡಿರುತ್ತೀರಿ. ಹಳೆಯ ರೀಲರ್ ಒಂದು ಹಿಡಿ ಗೂಡು ತೆಗೆದು ಬೆರಳಲ್ಲಿ ಒತ್ತಿ ನೋಡಿ, ಈ ಲಾಟಿಗೆ ಇಷ್ಟೇ ಎಂದು ಮನಸ್ಸಿನಲ್ಲೇ ಗೆರೆ ಹಾಕಿಬಿಡುತ್ತಾರೆ. ಯಾಕೆ ಎಂದು ಕೇಳಿದರೆ ‘ಕೈಗೆ ಗೊತ್ತಾಗುತ್ತದೆ’ ಎನ್ನುತ್ತಾರೆ. ಹಾಗೆಂದು ಕೈ ಹೇಳಿದ್ದೆಲ್ಲ ಸತ್ಯವೆಂದು ಹಿಡಿಯಬೇಡಿ. 2004ರಲ್ಲಿ ಮಾಯಾ ಮತ್ತು ಮೆಕ್‌ಕ್ಲೆಲೆಂಡ್ ಎಂಬ ಸಂಶೋಧಕರು ಅದೇ ಎಲೆಯಾಟವನ್ನು ಮತ್ತೆ ಆಡಿಸಿ, ಪ್ರಶ್ನೆಗಳನ್ನು ಬಿಡಿಸಿ ಬಿಡಿಸಿ ಕೇಳಿದಾಗ, ಆಟಗಾರರಿಗೆ ಮೊದಲು ಅಂದುಕೊಂಡದ್ದಕ್ಕಿಂತ ಬೇಗನೆ ವಿಷಯ ಗೊತ್ತಾಗಿತ್ತೆಂದು ತೋರಿಸಿದರು. ಮೈ ಮೊದಲು ತಿಳಿಯಿತೋ, ಬುದ್ಧಿ ಮೊದಲು ತಿಳಿಯಿತೋ ಎಂಬ ವಾದ ಹೀಗೆ ಎದ್ದಿತು.

ಇನ್ನು ತರ್ಕ. ವಿದ್ಯಾರ್ಥಿಗಳೇ, ಈಗ ನೀವು ಉತ್ತರ ಹೇಳಬೇಕು. ‘ಎಲ್ಲ ಹೂಗಿಡಗಳಿಗೂ ನೀರು ಬೇಕು. ಗುಲಾಬಿಗೆ ನೀರು ಬೇಕು. ಆದ್ದರಿಂದ ಗುಲಾಬಿ ಹೂಗಿಡ.’ ಸರಿಯೋ ತಪ್ಪೋ? (ಸಭೆಯಲ್ಲಿ ಬಹಳ ಮಂದಿ ‘ಸರಿ’ ಎಂದರು.) ಒಳ್ಳೆಯದು. ಈಗ ಇನ್ನೊಂದು. ‘ಎಲ್ಲ ಎಮ್ಮೆಗಳಿಗೂ ನೀರು ಬೇಕು. ನಮ್ಮ ಟೀಚರಿಗೆ ನೀರು ಬೇಕು. ಆದ್ದರಿಂದ ನಮ್ಮ ಟೀಚರ್ ಎಮ್ಮೆ.’ (ನಗು.) ಎರಡೂ ಒಂದೇ ಅಚ್ಚಿನ ತರ್ಕ. ಎರಡನೆಯದರಲ್ಲಿ ತಪ್ಪು ತಕ್ಷಣ ಕಂಡಿತು, ಮೊದಲನೆಯದರಲ್ಲಿ ಕಾಣಲಿಲ್ಲ. ಕಾರಣವೇನೆಂದರೆ ಮೊದಲನೆಯದರ ತೀರ್ಮಾನ ನಮಗೆ ಮೊದಲೇ ಒಪ್ಪಿಗೆಯಾಗಿತ್ತು. ಒಪ್ಪಿಗೆಯಾದ ಮಾತಿಗೆ ಯಾರೂ ಸಾಕ್ಷಿ ಕೇಳುವುದಿಲ್ಲ.

ವಿನೋದ್ ಗೋಯೆಲ್ ಮತ್ತು ರೇ ಡೋಲನ್ ಎಂಬ ವಿಜ್ಞಾನಿಗಳು 2003ರಲ್ಲಿ ಇಂತಹ ವಾಕ್ಯಗಳನ್ನು ಎಮ್‌ಆರ್‌ಐ ಯಂತ್ರದೊಳಗೆ ಮಲಗಿದವರಿಗೆ ಕೊಟ್ಟು ನೋಡಿದರು. ನಂಬಿಕೆ ಎಳೆದರೂ ಬಗ್ಗದೆ ತರ್ಕವನ್ನು ಸರಿಯಾಗಿ ಹಿಡಿದಾಗ ಬಲಗಡೆಯ ಹಣೆಯ ಹಿಂಭಾಗದ ಪಾರ್ಶ್ವ ಹೆಚ್ಚು ಕೆಲಸ ಮಾಡಿತು. ನಂಬಿಕೆಯೇ ಗೆದ್ದು ಉತ್ತರ ತಪ್ಪಿದಾಗ ನಡುವಿನ ಕೆಳಭಾಗ ಹೆಚ್ಚು ಕೆಲಸ ಮಾಡಿತು. ಗಮನಿಸಿ, ಎಲಿಯಟ್‌ನಂಥವರಲ್ಲಿ ಪೆಟ್ಟು ಬಿದ್ದದ್ದು ಹೆಚ್ಚುಕಡಿಮೆ ಈ ಪ್ರದೇಶಕ್ಕೇ. ಅದು ಇಲ್ಲದಿದ್ದರೆ ನಿರ್ಧಾರವೇ ಬಾರದು, ಅದೊಂದೇ ಮಾತಾಡಿದರೆ ತರ್ಕ ಜಾರುತ್ತದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಎಸ್‌ಎಸ್‌ಎಲ್‌ಸಿ ಪೂರ್ವಸಿದ್ಧತಾ ಪರೀಕ್ಷೆಯ ನಂತರ ಪೋಷಕರ ಸಭೆ ನಡೆದಿತ್ತು. ಒಬ್ಬ ಹುಡುಗಿಯ ತಂದೆ ಬಂದಿದ್ದರು, ರೀಲಿಂಗ್ ಘಟಕದಲ್ಲಿ ದುಡಿಯುವವರು. ಅರ್ಧ ದಿನದ ಕೂಲಿ ಬಿಟ್ಟು ಬಂದಿದ್ದರು. ಕೈಯಲ್ಲಿ ಅಂಕಪಟ್ಟಿ ಹಿಡಿದುಕೊಂಡು ನಾನು ಹೇಳಿದ ಮೊದಲ ಮಾತು: ‘ಭಾಯಿ, ಎರಡು ವಿಷಯದಲ್ಲಿ ಹೋಗಿದೆ.’ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಪಾಸಾಗುವುದಿಲ್ಲ ಅಂದರೆ ಇನ್ನು ಕಳಿಸಿ ಏನು ಟೀಚರ್? ಅವರ ಖಾಲಾ ಮನೆಯಲ್ಲಿ ಹೊಲಿಗೆ ಕಲಿಯಲಿ’ ಎಂದರು. ನಾನು ಬುದ್ಧಿ ಹೇಳಿದೆ, ಸರ್ಕಾರದ ಸವಲತ್ತು ಹೇಳಿದೆ, ಹೆಣ್ಣುಮಕ್ಕಳ ಶಿಕ್ಷಣದ ಮಹತ್ವ ಹೇಳಿದೆ. ಅವರು ತಲೆಯಾಡಿಸಿ ಹೋದರು. ಮರುದಿನದಿಂದ ಹುಡುಗಿ ಬರಲಿಲ್ಲ. ಅವಳ ಹಾಲ್ ಟಿಕೆಟ್ ನನ್ನ ಮೇಜಿನ ಡ್ರಾಯರ್‌ನಲ್ಲೇ ಉಳಿಯಿತು. ಸ್ಟಾಫ್ ರೂಮಿನಲ್ಲಿ ನಾವೆಲ್ಲ ‘ಓದಿಲ್ಲದ ಮನುಷ್ಯ, ಯೋಚನೆ ಮಾಡುವುದಿಲ್ಲ’ ಎಂದು ಮಾತಾಡಿಕೊಂಡೆವು.

ಆರು ವಿಷಯಗಳಲ್ಲಿ ಎರಡು ಹೋಗಿದ್ದವು. ಅಂದರೆ ನಾಲ್ಕರಲ್ಲಿ ಆಕೆ ಪಾಸಾಗಿದ್ದಳು. ಆ ಮಾತನ್ನು ನಾನು ಹೇಳಲೇ ಇಲ್ಲ. ಸುಳ್ಳು ಹೇಳಿರಲಿಲ್ಲ, ಆದರೂ ಹೇಳಿರಲಿಲ್ಲ.

ಹೀಗೆ ಹೇಳುವ ರೀತಿ ಬದಲಾದರೆ ಏನಾಗುತ್ತದೆ ಎಂಬುದನ್ನು ಲಂಡನ್ನಿನಲ್ಲಿ ಬೆನೆಡೆಟ್ಟೊ ಡಿ ಮಾರ್ಟಿನೊ ಮತ್ತು ಜೊತೆಗಾರರು 20 ಜನರ ಮೇಲೆ ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದರು. ಕೈಗೆ 50 ಪೌಂಡ್ ಸಿಕ್ಕಿದೆ ಎಂದುಕೊಳ್ಳಿ. ಒಂದು ಸಲ ‘20 ಪೌಂಡ್ ಇಟ್ಟುಕೊಳ್ಳಿ, ಇಲ್ಲವೇ ಅದೃಷ್ಟ ಪರೀಕ್ಷೆ ಮಾಡಿ’ ಎನ್ನುತ್ತಾರೆ. ಇನ್ನೊಂದು ಸಲ ‘30 ಪೌಂಡ್ ಕಳೆದುಕೊಳ್ಳಿ, ಇಲ್ಲವೇ ಅದೃಷ್ಟ ಪರೀಕ್ಷೆ ಮಾಡಿ’ ಎನ್ನುತ್ತಾರೆ. ಲೆಕ್ಕ ಒಂದೇ. ಆದರೂ ‘ಇಟ್ಟುಕೊಳ್ಳಿ’ ಎಂದಾಗ ನೂರರಲ್ಲಿ ಸುಮಾರು 43 ಸಲ ಅದೃಷ್ಟ ಪರೀಕ್ಷೆಗೆ ಇಳಿದವರು, ‘ಕಳೆದುಕೊಳ್ಳಿ’ ಎಂದಾಗ ಸುಮಾರು 62 ಸಲ ಇಳಿದರು. ಮಾತಿನ ಎಳೆತಕ್ಕೆ ತಕ್ಕಂತೆ ಆರಿಸುವಾಗ ಮೆದುಳಿನ ಆಳದಲ್ಲಿ ಬಾದಾಮಿಯ ಆಕಾರದಲ್ಲಿರುವ, ಭಯ ಮುಂತಾದ ಭಾವನೆಗಳಿಗೆ ಸಂಬಂಧಪಟ್ಟ ಅಮಿಗ್ಡಲ ಹೆಚ್ಚು ಚುರುಕಾಗಿತ್ತು.

ಈ ಪ್ರಯೋಗದಲ್ಲಿ ನನಗೆ ಬಹಳ ಹಿಡಿಸಿದ್ದು ಅದರ ಕೊನೆಯ ಭಾಗ. ಮಾತಿನ ಬಲೆಗೆ ಕಡಿಮೆ ಬಿದ್ದವರು ಭಾವನೆ ಇಲ್ಲದವರಾಗಿರಲಿಲ್ಲ. ಅವರಲ್ಲಿ ಹಣೆಯ ಹಿಂದಿನ, ಕಣ್ಣುಗಳ ಮೇಲಿನ ಆ ಭಾಗವೇ ಹೆಚ್ಚು ಕೆಲಸ ಮಾಡುತ್ತಿತ್ತು. ತಮ್ಮೊಳಗೆ ಏಳುತ್ತಿರುವ ಭಾವನೆಯ ಓರೆಯನ್ನು ಅವರು ಹೆಚ್ಚು ಸ್ಪಷ್ಟವಾಗಿ ಗ್ರಹಿಸುತ್ತಾರೆ, ಆದ್ದರಿಂದ ಅದನ್ನು ತಿದ್ದಿಕೊಳ್ಳಬಲ್ಲರು ಎಂದು ಸಂಶೋಧಕರು ಅರ್ಥೈಸಿದರು. ಸಂಗ್ರಹಾಲಯದಲ್ಲಿ ಆ ಹುಡುಗಿ ಕೇಳಿದ ದಿಲ್ ಬಹುಶಃ ಅಲ್ಲೇ ಎಲ್ಲೋ ಇದೆ, ದಿಮಾಗಿನ ಪಕ್ಕದ ಕೋಣೆಯಲ್ಲಿ ಅಲ್ಲ, ಅದರ ಒಳಗೇ.

ನನ್ನ ಪ್ರಸಂಗವೂ ಈ ಪ್ರಯೋಗವೂ ಒಂದೇ ಎಂದು ಹೇಳುತ್ತಿಲ್ಲ. ಅದು ಆಟದ ಹಣ, ಇದು ಮಗಳ ಬಾಳು. ಆ ತಂದೆಗೆ ಬಡತನವಿತ್ತು, ಕೇರಿಯಲ್ಲಿ ‘ಫೇಲಾದಳು’ ಎನ್ನಿಸಿಕೊಳ್ಳುವ ಅಂಜಿಕೆಯಿತ್ತು, ನನಗೆ ತಿಳಿಯದ ಇನ್ನೆಷ್ಟೋ ಇದ್ದಿರಬಹುದು. ಆದರೆ ಅವರು ಯೋಚಿಸಲಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ನಾವು ಹೇಳಿದ್ದು ಸುಳ್ಳು. ನಾನು ಕೊಟ್ಟ ವಾಕ್ಯದ ಮೇಲೆ ಅವರು ಯೋಚಿಸಿದ್ದರು.

ವಿದ್ಯಾರ್ಥಿಗಳಿಗೆ ಒಂದು ಮಾತು. 2005ರಲ್ಲಿ ಅಮೆರಿಕದ ಗಾರ್ಡನರ್ ಮತ್ತು ಸ್ಟೈನ್‌ಬರ್ಗ್ 306 ಜನರಿಗೆ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಕೊಟ್ಟರು. ಸಿಗ್ನಲ್ ಹಳದಿಯಾದಾಗ ನಿಲ್ಲಬೇಕೋ, ನುಗ್ಗಬೇಕೋ ಎಂಬುದು ಪ್ರಶ್ನೆ. 13ರಿಂದ 16ರ ವಯಸ್ಸಿನವರು ಗೆಳೆಯರು ನೋಡುತ್ತಿದ್ದಾಗ ಒಂಟಿಯಾಗಿದ್ದಾಗಿಗಿಂತ ಸುಮಾರು ಎರಡರಷ್ಟು ಅಪಾಯಕ್ಕೆ ಇಳಿದರು. 24 ದಾಟಿದವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. 2011ರಲ್ಲಿ ಇಂಥದೇ ಆಟವನ್ನು ಎಮ್‌ಆರ್‌ಐ ಯಂತ್ರದೊಳಗೆ ಆಡಿಸಿದರು. ಗೆಳೆಯರು ಪಕ್ಕದ ಕೋಣೆಯಿಂದ ನೋಡುತ್ತಿದ್ದಾರೆಂದು ತಿಳಿದಾಗ ಹದಿಹರೆಯದವರಲ್ಲಿ ಬಹುಮಾನದ ಆಸೆಗೆ ಸಂಬಂಧಪಟ್ಟ ಭಾಗಗಳು ಹೆಚ್ಚು ಚುರುಕಾದವು. ಒಂಟಿಯಾಗಿದ್ದಾಗ ಅದೇ ಹುಡುಗರು ದೊಡ್ಡವರಂತೆಯೇ ಆಡಿದ್ದರು. ಹಾಗಾಗಿ ‘ಈ ವಯಸ್ಸಿನವರಿಗೆ ಬುದ್ಧಿಯಿಲ್ಲ’ ಎಂದು ಬೈಯುವ ಹಿರಿಯರ ಮಾತು ಪೂರ್ತಿ ಸರಿಯಲ್ಲ. ಹಣೆಯ ಹಿಂದಿನ ಭಾಗ ಇಪ್ಪತ್ತು ದಾಟಿದ ಮೇಲೂ ಬೆಳೆಯುತ್ತಿರುತ್ತದೆ ಎಂಬುದು ನಿಜ. ಆದರೆ ಅದು ಕೆಲಸ ಮಾಡುತ್ತಿಲ್ಲ ಎಂದಲ್ಲ, ಪಕ್ಕದಲ್ಲಿ ಯಾರಿದ್ದಾರೆ ಎಂಬುದು ಅದಕ್ಕೆ ದೊಡ್ಡ ವಿಷಯ. ಒಂದು ಬೈಕಿನ ಮೇಲೆ ಮೂವರು ಕುಳಿತಾಗ ಓಡಿಸುವವನು ಒಬ್ಬನೇ ಎಂದುಕೊಳ್ಳಬೇಡಿ. ಪಿಯುಸಿಗೆ ವಿಜ್ಞಾನವೋ ವಾಣಿಜ್ಯವೋ ಎಂದು ಬರೆಯುವ ಅರ್ಜಿಯನ್ನು ಗೆಳತಿಯರ ಜೊತೆ ಕಾಲೇಜಿನ ಗೇಟಿನಲ್ಲಿ ತುಂಬದೆ, ಮನೆಗೆ ತಂದು ಒಂದು ರಾತ್ರಿ ಇಟ್ಟುಕೊಂಡು ತುಂಬಿ.

ಪೋಷಕರಿಗೂ ಒಂದು ಎಚ್ಚರಿಕೆ. ಮೆದುಳಿನ ಹೆಸರಿನಲ್ಲಿ ಮಾರಾಟ ಬಹಳ ನಡೆಯುತ್ತದೆ. ‘ಮಿಡ್‌ಬ್ರೈನ್ ಆಕ್ಟಿವೇಷನ್’ ಎಂದು ಸಾವಿರಾರು ರೂಪಾಯಿ ತೆಗೆದುಕೊಂಡು, ಮಕ್ಕಳು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಓದುತ್ತಾರೆ ಎಂದು ತೋರಿಸುತ್ತಿದ್ದರು. ಮಕ್ಕಳು ಓದುತ್ತಿದ್ದದ್ದು ಮೂಗಿನ ಪಕ್ಕದ ಸಂದಿಯಿಂದ. ಮಂಗಳೂರಿನ ನರೇಂದ್ರ ನಾಯಕ್ ಅವರಂಥ ವಿಚಾರವಾದಿಗಳು ಅದನ್ನು ಬಯಲಿಗೆಳೆದರು. ನಿಜವಾದ ವಿಜ್ಞಾನಿಗಳು ಇಷ್ಟು ಧೈರ್ಯವಾಗಿ ಮಾತಾಡುವುದಿಲ್ಲ. ಪಣ ಕಟ್ಟುವ ನಿರ್ಧಾರಗಳ ಬಗ್ಗೆ 108 ಜನರಿಂದ ತೆಗೆದ ಒಂದೇ ಎಮ್‌ಆರ್‌ಐ ಮಾಹಿತಿಯನ್ನು 70 ತಂಡಗಳಿಗೆ ಕೊಟ್ಟಾಗ, ಒಂದು ತಂಡ ಲೆಕ್ಕ ಮಾಡಿದಂತೆ ಇನ್ನೊಂದು ಮಾಡಲಿಲ್ಲ, ಕೆಲವು ಪ್ರಶ್ನೆಗಳಿಗೆ ಉತ್ತರಗಳೂ ಬೇರೆ ಬೇರೆ ಬಂದವು. ಅದನ್ನು ಅವರು ಮುಚ್ಚಿಡದೆ 2020ರಲ್ಲಿ ತಾವೇ ಪ್ರಕಟಿಸಿದರು. ಬಣ್ಣ ಬಣ್ಣದ ಮೆದುಳಿನ ಚಿತ್ರ ಅಲ್ಲಿ ರಕ್ತ ಎಷ್ಟು ಹರಿಯಿತೆಂಬುದರ ಲೆಕ್ಕ, ಮನಸ್ಸಿನ ಫೋಟೋ ಅಲ್ಲ.

ಆ ಹುಡುಗಿಯ ವಿಷಯ ನೀವು ಕೇಳಬಹುದು. ಹೊಲಿಗೆ ಚೆನ್ನಾಗಿ ಕಲಿತಳು, ಮದುವೆಯಾಗಿದೆ. ಒಮ್ಮೆ ಬಸ್ ನಿಲ್ದಾಣದಲ್ಲಿ ಸಿಕ್ಕಿ ಸಲಾಂ ಹೇಳಿ, ‘ಆ ವರ್ಷ ಗಣಿತದಲ್ಲಿ ಎಷ್ಟು ಬೇಕಿತ್ತು ಟೀಚರ್, ಪಾಸಾಗಲು?’ ಎಂದು ಕೇಳಿದಳು. ಆರು ಅಂಕ ಎಂದೆ. ಅವಳ ಬಸ್ಸು ಬಂತು.

ಆಮೇಲೆ ನಾನು ಪೋಷಕರ ಸಭೆಗೆ ಒಯ್ಯುವ ಹಾಳೆ ಬದಲಾಯಿಸಿದೆ. ಮೊದಲು, ಪಾಸಾದ ವಿಷಯಗಳನ್ನಷ್ಟೇ ಮೇಲೆ ಬರೆಯತೊಡಗಿದೆ. ಒಂದೆರಡು ವರ್ಷ ಹಾಗೆ ಮಾಡಿದ ಮೇಲೆ ಅದೂ ಒಂದು ರೀತಿಯ ಬಲೆಯೇ ಅಲ್ಲವೇ ಅನ್ನಿಸಿತು. ನನಗೆ ಬೇಕಾದ ಉತ್ತರದ ಕಡೆ ಅವರನ್ನು ತಳ್ಳಲು ನಾನು ಯಾರು? ಈಗ ಹಾಳೆಯ ಮಧ್ಯೆ ಗೆರೆ ಎಳೆದು, ಒಂದು ಕಡೆ ಆದದ್ದು, ಇನ್ನೊಂದು ಕಡೆ ಆಗದ್ದು, ಕೆಳಗೆ ಆಗದ್ದಕ್ಕೆ ಎಷ್ಟು ಅಂಕ ಕಡಿಮೆ, ಇನ್ನೆಷ್ಟು ದಿನ ಇದೆ ಎಂದು ಬರೆಯುತ್ತೇನೆ. 2024ರಲ್ಲಿ ಎಸ್‌ಎಸ್‌ಎಲ್‌ಸಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಅವಕಾಶ ಬಂದಾಗ ಅದನ್ನೂ ಸೇರಿಸಿದೆ. ಮಕ್ಕಳನ್ನೂ ಪಕ್ಕದಲ್ಲೇ ಕೂರಿಸುತ್ತೇನೆ, ಅವರ ಗೆಳೆಯರನ್ನು ಹೊರಗೆ ಕಳಿಸಿ.

ಮೊನ್ನೆಯ ಸಭೆಯಲ್ಲಿ ಒಬ್ಬ ತಂದೆ ಆ ಹಾಳೆಯನ್ನು ಬಹಳ ಹೊತ್ತು ನೋಡಿ, ‘ಟೀಚರ್, ಇದರಲ್ಲಿ ಯಾವ ಕಡೆ ನೋಡಬೇಕು?’ ಎಂದು ಕೇಳಿದರು. ಎರಡೂ ಕಡೆ ಎಂದೆ. ಮಗನ ಮುಖ ನೋಡಿದರು, ಮತ್ತೆ ಹಾಳೆ ನೋಡಿದರು. ಆಮೇಲೆ ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡು, ‘ಇವತ್ತು ಏನೂ ಹೇಳುವುದಿಲ್ಲ. ನಾಳೆ ಇವನ ಅಮ್ಮಿಯನ್ನೂ ಕರೆದುಕೊಂಡು ಬರುತ್ತೇನೆ’ ಎಂದು ಎದ್ದರು.